ತೀವ್ರ ನಿಗಾ ಘಟಕದಲ್ಲಿ ಜೀವಾಧಾರ ಚಿಕಿತ್ಸೆ ನಿಲ್ಲಿಸುವ ನಿರ್ಧಾರ: ಬಾಗಲಕೋಟೆ ಜಿಲ್ಲೆಯ ಸಾರ್ವಜನಿಕರಿಗೆ ಮಾಹಿತಿ

ಬಾದಾಮಿ, ಹುನಗುಂದ ಹಾಗೂ ಇಳಕಲ್ ಭಾಗದ ತೀವ್ರ ಅಸ್ವಸ್ಥ ರೋಗಿಗಳನ್ನು ಸಾಮಾನ್ಯವಾಗಿ ಬಾಗಲಕೋಟೆಯ ಜಿಲ್ಲಾ ಆಸ್ಪತ್ರೆಗೆ, ಹಾನಗಲ್ ಶ್ರೀ ಕುಮಾರೇಶ್ವರ ಆಸ್ಪತ್ರೆಗೆ ಅಥವಾ ನಗರದ ಇತರ ಖಾಸಗಿ ಆಸ್ಪತ್ರೆಗಳಿಗೆ ಕರೆತರಲಾಗುತ್ತದೆ. ಚೇತರಿಕೆಯ ಸಾಧ್ಯತೆ ಇಲ್ಲವೆಂದು ವೈದ್ಯರು ತಿಳಿಸಿದಾಗ, ವೈದ್ಯರ ಸಲಹೆಗೆ ವಿರುದ್ಧವಾಗಿ ಎಂಬ ಕಾಗದಕ್ಕೆ ಸಹಿ ಮಾಡಿ ರೋಗಿಯನ್ನು ಮನೆಗೆ ಕರೆದೊಯ್ಯುವ ಕುಟುಂಬಗಳು ಅನೇಕ. ಸ್ವಂತ ಮನೆಯಲ್ಲಿ, ತನ್ನವರ ನಡುವೆ ಪ್ರಾಣ ಹೋಗಲಿ ಎಂಬ ಆಶಯ ಗೌರವಾರ್ಹವಾದುದು. ಆದರೆ ನೋವು ಹಾಗೂ ಉಸಿರಾಟದ ಸಂಕಟ ತಗ್ಗಿಸುವ ಔಷಧಿಯ ವ್ಯವಸ್ಥೆ ಇಲ್ಲದೆ ಯಂತ್ರವನ್ನು ತೆಗೆದು ಹೊರಟಲ್ಲಿ, ಆ ಸಂಕಟವನ್ನು ರೋಗಿಯು ದಾರಿಯುದ್ದಕ್ಕೂ ಅನುಭವಿಸಬೇಕಾಗುತ್ತದೆ. ಸಹಿ ಮಾಡಿದ ಮಗನೋ ಮಗಳೋ ತಾನೇ ತಂದೆಯನ್ನು ಕೈಬಿಟ್ಟೆನೆಂಬ ಭಾವನೆಯನ್ನು ವರ್ಷಗಟ್ಟಲೆ ಹೊರುವುದುಂಟು. ಈ ಹೊಣೆಯನ್ನು ಒಬ್ಬರ ಸಹಿಯ ಮೇಲೆ ಬಿಡದೆ ನಿರ್ಧಾರ ಕೈಗೊಳ್ಳಲು ಕಾನೂನಿನಲ್ಲಿ ಅವಕಾಶವಿದ್ದು, ಅದರ ವಿವರಗಳನ್ನು ಇಲ್ಲಿ ನೀಡಲಾಗಿದೆ.

ಹಿನ್ನೆಲೆ

ಉತ್ತರ ಕನ್ನಡ ಜಿಲ್ಲೆಯ ಹಳದೀಪುರದವರಾದ ಅರುಣಾ ಶಾನಭಾಗ ಅವರು ಮುಂಬಯಿಯ ಕೆ.ಇ.ಎಂ. ಆಸ್ಪತ್ರೆಯಲ್ಲಿ ಶುಶ್ರೂಷಕಿಯಾಗಿದ್ದಾಗ 1973ರಲ್ಲಿ ಹಲ್ಲೆಗೊಳಗಾಗಿ, 2015ರಲ್ಲಿ ನಿಧನರಾಗುವವರೆಗೂ ಅದೇ ಆಸ್ಪತ್ರೆಯ ಹಾಸಿಗೆಯಲ್ಲಿದ್ದರು. ಅವರ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 2011ರಲ್ಲಿ ಅರ್ಜಿಯನ್ನು ತಿರಸ್ಕರಿಸಿತಾದರೂ, ಉಚ್ಚ ನ್ಯಾಯಾಲಯದ ಅನುಮತಿ ಪಡೆದು ಇಂತಹ ಚಿಕಿತ್ಸೆಯನ್ನು ನಿಲ್ಲಿಸಬಹುದೆಂದು ಹೇಳಿತು. ತದನಂತರ 2018ರ ಮಾರ್ಚ್ 9ರಂದು ಕಾಮನ್ ಕಾಸ್ ಪ್ರಕರಣದ ಸಂವಿಧಾನ ಪೀಠದ ತೀರ್ಪಿನಲ್ಲಿ, ಘನತೆಯಿಂದ ಮರಣ ಹೊಂದುವುದು ಸಂವಿಧಾನದ 21ನೇ ಅನುಚ್ಛೇದದ ಭಾಗವೆಂದು ಘೋಷಿಸಲಾಯಿತು. ಆ ತೀರ್ಪಿನ ಕಾರ್ಯವಿಧಾನದಲ್ಲಿ ಜಿಲ್ಲಾಧಿಕಾರಿಗಳೂ ದಂಡಾಧಿಕಾರಿಗಳೂ ಪಾತ್ರ ವಹಿಸಬೇಕಾಗಿದ್ದು, ಹಾಸಿಗೆಯಲ್ಲಿದ್ದ ರೋಗಿಗೆ ಅಷ್ಟು ಕಾಲಾವಕಾಶ ದೊರೆಯುವುದು ಕಷ್ಟವಿತ್ತು. 2023ರ ಜನವರಿ 24ರ ಆದೇಶದಿಂದ ಅದು ಸರಳಗೊಂಡಿತು. ಇದನ್ನು ಜಾರಿಗೊಳಿಸಲು ಕರ್ನಾಟಕದ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಇಲಾಖೆಯು 2025ರ ಜನವರಿ 30ರಂದು ಸುತ್ತೋಲೆ ಹೊರಡಿಸಿದೆ.

ನಿರ್ಧಾರ ಕೈಗೊಳ್ಳುವ ವಿಧಾನ

ಚೇತರಿಕೆಯ ಭರವಸೆಯಿಲ್ಲದ ಅಂತಿಮ ಹಂತದ ಕಾಯಿಲೆಯಲ್ಲಿರುವ ಅಥವಾ ಪ್ರಜ್ಞೆ ಮರಳದ ಸ್ಥಿತಿಯಲ್ಲಿದ್ದು, ಜೀವಾಧಾರ ಚಿಕಿತ್ಸೆಯಿಂದ ಪ್ರಯೋಜನವಾಗದ ರೋಗಿಗಳಿಗೆ ಮಾತ್ರ ಇದು ಅನ್ವಯಿಸುತ್ತದೆ. ಮೊದಲಿಗೆ ಚಿಕಿತ್ಸೆ ನೀಡುತ್ತಿರುವ ವೈದ್ಯರು ಹಾಗೂ ಕನಿಷ್ಠ 5 ವರ್ಷ ಅನುಭವವುಳ್ಳ ಇಬ್ಬರು ವಿಷಯ ತಜ್ಞರನ್ನೊಳಗೊಂಡ ಪ್ರಾಥಮಿಕ ವೈದ್ಯಕೀಯ ಮಂಡಳಿಯು ಪರಿಶೀಲಿಸುತ್ತದೆ. ಬಳಿಕ, ಜಿಲ್ಲಾ ಆರೋಗ್ಯಾಧಿಕಾರಿಗಳು ನಾಮನಿರ್ದೇಶನ ಮಾಡಿದ ಒಬ್ಬ ನೋಂದಾಯಿತ ವೈದ್ಯರು ಹಾಗೂ ಮೊದಲ ಮಂಡಳಿಯಲ್ಲಿಲ್ಲದ ಮತ್ತಿಬ್ಬರು ತಜ್ಞರಿರುವ ದ್ವಿತೀಯ ಮಂಡಳಿಯು ಅದನ್ನು ಮರುಪರಿಶೀಲಿಸುತ್ತದೆ. ಪ್ರತಿ ಮಂಡಳಿಯೂ ಸಾಧ್ಯವಾದಷ್ಟು 48 ಗಂಟೆಗಳೊಳಗೆ ಅಭಿಪ್ರಾಯ ನೀಡತಕ್ಕದ್ದು. ಕುಟುಂಬದ ಸಮ್ಮತಿ ಅವಶ್ಯಕ. ಜಾರಿಗೆ ಮುನ್ನ ಪ್ರಥಮ ದರ್ಜೆ ನ್ಯಾಯಿಕ ದಂಡಾಧಿಕಾರಿಗಳಿಗೆ ಆಸ್ಪತ್ರೆಯೇ ವರದಿ ತಿಳಿಸುತ್ತದೆ. ಕುಟುಂಬದವರು ಇದಕ್ಕಾಗಿ ನ್ಯಾಯಾಲಯಕ್ಕೆ ಅಲೆಯಬೇಕಾಗಿಲ್ಲ. ಮಂಡಳಿಗಳು ಒಪ್ಪದಿದ್ದಲ್ಲಿ ಉಚ್ಚ ನ್ಯಾಯಾಲಯದ ಮೊರೆ ಹೋಗಬಹುದು.

ಲೆಕ್ಕ ಹಾಕಿದರೆ ಕನಿಷ್ಠ 6 ಜನ ವೈದ್ಯರು ಬೇಕಾಗುತ್ತಾರೆ. ತಾಲ್ಲೂಕು ಮಟ್ಟದ ಆಸ್ಪತ್ರೆಯಲ್ಲಿ ಇಷ್ಟು ತಜ್ಞರು ಒಂದೆಡೆ ದೊರೆಯುವುದು ಸುಲಭವಲ್ಲ ಎಂಬುದನ್ನು ಮುಚ್ಚಿಡಬೇಕಿಲ್ಲ. ಆದ್ದರಿಂದ ರೋಗಿಯನ್ನು ದಾಖಲಿಸಿದ ಆಸ್ಪತ್ರೆಯಲ್ಲಿ ಮಂಡಳಿ ರಚನೆಯ ವ್ಯವಸ್ಥೆ ಇದೆಯೇ ಎಂದು ಮೊದಲ ದಿನಗಳಲ್ಲಿಯೇ ವಿಚಾರಿಸುವುದು ಒಳಿತು. ಕೊನೆಯ ರಾತ್ರಿ ಕೇಳಿದರೆ ಉತ್ತರ ದೊರೆಯಲಾರದು.

ಚಿಕಿತ್ಸೆ ನಿಲ್ಲಿಸುವುದೆಂದರೆ ಆರೈಕೆ ನಿಲ್ಲಿಸುವುದಲ್ಲ. ನೋವು ನಿವಾರಣೆ, ಬಾಯಿ ಒಣಗದಂತೆ ನೋಡಿಕೊಳ್ಳುವುದು, ಹಾಸಿಗೆ ಹುಣ್ಣಾಗದಂತೆ ಮಗ್ಗುಲು ಬದಲಿಸುವುದು, ಬಂಧುಗಳು ಪಕ್ಕದಲ್ಲಿರಲು ಅವಕಾಶ ಇವೆಲ್ಲ ಮುಂದುವರಿಯತಕ್ಕದ್ದು. ಮನೆಗೇ ಕರೆದೊಯ್ಯುವ ಇಚ್ಛೆಯಿದ್ದಲ್ಲಿ ಅದನ್ನು ವೈದ್ಯರಲ್ಲಿ ಮುಂಚಿತವಾಗಿ ಹೇಳಿ, ಔಷಧಿ ಮತ್ತು ಅದನ್ನು ನೀಡುವ ವಿಧಾನವನ್ನು ಕೇಳಿ ತಿಳಿದುಕೊಳ್ಳಬೇಕು. ಚುಚ್ಚುಮದ್ದು ನೀಡಿ ಮರಣವನ್ನು ಉಂಟುಮಾಡುವುದು ಇಂದಿಗೂ ಅಪರಾಧವೇ ಆಗಿದೆ. ಮಿದುಳು ನಿಷ್ಕ್ರಿಯವಾಗಿದೆ ಎಂಬ ಘೋಷಣೆಯು 1994ರ ಅಂಗಾಂಗ ಕಸಿ ಕಾಯ್ದೆಗೆ ಸಂಬಂಧಿಸಿದ ಬೇರೆಯೇ ಕ್ರಮ.

ಮುಂಗಡ ವೈದ್ಯಕೀಯ ನಿರ್ದೇಶನ

ಸ್ವಸ್ಥ ಮನಸ್ಸುಳ್ಳ ಯಾವುದೇ ವಯಸ್ಕರು, ಮುಂದೆ ತಮಗೆ ಮಾತನಾಡಲಾಗದ ಸ್ಥಿತಿ ಬಂದಲ್ಲಿ ಯಾವ ಚಿಕಿತ್ಸೆ ಬೇಡ ಎಂಬುದನ್ನು ಬರೆದಿಡಬಹುದು. ಇಬ್ಬರು ಸಾಕ್ಷಿಗಳ ಸಮಕ್ಷಮದಲ್ಲಿ ಸಹಿ ಮಾಡಿ, ನೋಟರಿ ಅಥವಾ ಪತ್ರಾಂಕಿತ ಅಧಿಕಾರಿಯಿಂದ ದೃಢೀಕರಿಸಿಕೊಂಡರೆ ಸಾಕು. ತಮ್ಮ ಪರವಾಗಿ ನಿರ್ಧರಿಸಲು ಒಬ್ಬರಿಗಿಂತ ಹೆಚ್ಚು ಆಪ್ತರ ಹೆಸರನ್ನು ಅದರಲ್ಲಿ ನಮೂದಿಸಬೇಕು. ಬ್ಯಾಂಕಿನ ಠೇವಣಿಗೆ ನಾಮನಿರ್ದೇಶನ ಮಾಡಲು ಯಾರೂ ಮರೆಯುವುದಿಲ್ಲ. ಈ ಕಾಗದದ ಮಾತೆತ್ತಿದರೆ ಮಾತ್ರ ಅಪಶಕುನವೆಂದು ಹಿರಿಯರು ಗದರುತ್ತಾರೆ. ಆದರೆ ಮಕ್ಕಳು ಮಂಗಳೂರು, ಗೋವಾ ಎಂದು ದುಡಿಮೆಗೆ ಹೋಗಿರುವ ಮನೆಗಳಲ್ಲಿ, ಮಧ್ಯರಾತ್ರಿ ದೂರವಾಣಿಯಲ್ಲಿ ನಿರ್ಧಾರ ಕೇಳಿದಾಗ ಅಣ್ಣ ತಮ್ಮಂದಿರೊಳಗೆ ಜಗಳವಾಗದಂತೆ ತಡೆಯುವುದು ಇಂತಹ ಒಂದು ಹಾಳೆಯೇ.

ನಿರ್ದೇಶನದ ಪ್ರತಿಯನ್ನು ಅದರಲ್ಲಿ ಹೆಸರಿಸಿದವರಿಗೆ, ಕುಟುಂಬ ವೈದ್ಯರಿದ್ದಲ್ಲಿ ಅವರಿಗೆ ಹಾಗೂ ತಮ್ಮ ನಗರಸಭೆ, ಪುರಸಭೆ ಅಥವಾ ಗ್ರಾಮ ಪಂಚಾಯಿತಿಯ ಸಕ್ಷಮ ಅಧಿಕಾರಿಗೆ ನೀಡತಕ್ಕದ್ದು. ಅದನ್ನು ಬರೆದವರು ಯಾವಾಗ ಬೇಕಾದರೂ ಲಿಖಿತವಾಗಿ ಬದಲಾಯಿಸಬಹುದು ಅಥವಾ ಹಿಂಪಡೆಯಬಹುದು.