ಸಾಧ್ವಿಯರ ಮಾತನ್ನು ಕೇಳಿ ಬರೆದ ಅಧ್ಯಯನಗಳು

ಭಗವಾನ್ ಮಹಾವೀರರ ಸಂಘದಲ್ಲಿ 14,000 ಮುನಿಗಳು, ಚಂದನಾ ಆರ್ಯಿಕೆಯವರ ನೇತೃತ್ವದಲ್ಲಿ 36,000 ಆರ್ಯಿಕೆಯರು ಇದ್ದರೆಂದು ಗ್ರಂಥಗಳು ಹೇಳುತ್ತವೆ. ಶ್ವೇತಾಂಬರರಲ್ಲಿ ಇಂದಿಗೂ ಸಾಧುಗಳಿಗಿಂತ ಸಾಧ್ವಿಯರೇ ಹೆಚ್ಚು. ಆದರೆ ಅವರ ಅನುಭವ ಅವರದೇ ಮಾತಿನಲ್ಲಿ ದಾಖಲಾದದ್ದು ಕಡಿಮೆ.

ಶ್ರವಣಬೆಳಗೊಳದ ಚಿಕ್ಕಬೆಟ್ಟದಲ್ಲಿ ಸುಮಾರು 7ನೇ ಶತಮಾನದ ಪುಟ್ಟ ಶಾಸನವೊಂದಿದೆ. ಚಿತ್ತೂರಿನ ಮೌನಿಗುರುಗಳ ಶಿಷ್ಯೆ ನಾಗಮತಿ ಗಂತಿಯರು ಮೂರು ತಿಂಗಳು ವ್ರತ ನೋಂತು ದೇಹ ಬಿಟ್ಟರು ಎಂಬಷ್ಟೇ ಅದರಲ್ಲಿದೆ. ಗಂತಿ ಎಂದರೆ ಸನ್ಯಾಸಿನಿ. ಹೆಸರು, ಗುರು, ವ್ರತ ಎಲ್ಲ ಉಳಿಯಿತು. ಆ ತಾಯಿ ಮನೆ ಬಿಟ್ಟದ್ದೇಕೆ, ಏನು ಕಂಡರು ಎಂಬುದು ಉಳಿಯಲಿಲ್ಲ.

ಈ ಕೊರತೆ ತುಂಬುವ ಕೆಲಸಕ್ಕೆ ವಿದ್ವಾಂಸರು ಸ್ತ್ರೀವಾದಿ ಗುಣಾತ್ಮಕ ಸಂಶೋಧನೆ ಎನ್ನುತ್ತಾರೆ. ಹೆಸರು ದೊಡ್ಡದು, ಕೆಲಸ ಸರಳ. ತಲೆ ಎಣಿಸುವುದಲ್ಲ, ಜೊತೆಯಲ್ಲಿದ್ದು, ಕೇಳಿ, ಆ ಮಹಿಳೆಯರು ಹೇಳಿದ್ದನ್ನೇ ಆಧಾರವಾಗಿ ಹಿಡಿಯುವುದು. ಎನ್. ಶಾಂತಾ ಅವರು ಸಾಧ್ವಿಯರ ಕುರಿತು 1985ರಲ್ಲಿ ಫ್ರೆಂಚ್ ಭಾಷೆಯಲ್ಲಿ ದೊಡ್ಡ ಗ್ರಂಥ ಬರೆದು ಇದಕ್ಕೆ ದಾರಿ ಮಾಡಿದರು. ಆ್ಯನ್ ವ್ಯಾಲೆಲಿ ಅವರು ರಾಜಸ್ಥಾನದ ಲಾಡನೂನಲ್ಲಿ ತೇರಾಪಂಥದ ಸಾಧ್ವಿಯರ ನಡುವೆ ಇದ್ದು ಬರೆದ ಪುಸ್ತಕ 2002ರಲ್ಲಿ ಬಂತು, ಮನೀಷಾ ಸೇಠಿಯವರದು 2012ರಲ್ಲಿ.

ದೀಕ್ಷೆ ಎಂದೊಡನೆ ನಮ್ಮವರಲ್ಲಿ ಕೆಲವರು, "ಪಾಪ, ಏನೋ ಕಷ್ಟ ಇದ್ದಿರಬೇಕು" ಎನ್ನುವುದುಂಟು. ಗಂಡ ತೀರಿಕೊಂಡಿರಬೇಕು, ಇಲ್ಲವೇ ಮದುವೆ ಕೂಡಿಬಂದಿರಲಿಕ್ಕಿಲ್ಲ ಎಂಬ ಎಣಿಕೆ. ಸೇಠಿಯವರು ಈ ಎಣಿಕೆಯನ್ನು ಒಪ್ಪುವುದಿಲ್ಲ. ಮದುವೆಗೆ ಮೊದಲೇ ತಾವಾಗಿ ಆರಿಸಿಕೊಂಡು ಬಂದವರು ಬಹಳ. ನನಗೆ ಈ ಮಾತು ಎಲ್ಲಕ್ಕಿಂತ ಮುಖ್ಯವಾಗಿ ಕಂಡಿತು.

ಇನ್ನೊಂದು ಸಂಗತಿ ಹೇಳದೆ ಬಿಡುವಂತಿಲ್ಲ. ದೀಕ್ಷೆಯಾಗಿ ಎಷ್ಟೇ ವರ್ಷ ಕಳೆದಿದ್ದರೂ ಸಾಧ್ವಿಯು ಇಂದು ದೀಕ್ಷೆ ಪಡೆದ ಮುನಿಗೆ ವಂದಿಸಬೇಕೆಂಬ ನಿಯಮವಿದೆ. ತೇರಾಪಂಥದಲ್ಲಿ ಸಾಧ್ವಿಪ್ರಮುಖರಿದ್ದರೂ ಅವರನ್ನು ನೇಮಿಸುವವರು ಆಚಾರ್ಯರೇ. ಹಾಗಿದ್ದೂ 1987ರಲ್ಲಿ ವೀರಾಯತನದ ಚಂದನಾಜಿಯವರಿಗೆ ಆಚಾರ್ಯ ಪದವಿ ದೊರೆಯಿತು. ದಿಗಂಬರರಲ್ಲಿ ಗಣಿನಿ ಜ್ಞಾನಮತಿ ಮಾತಾಜಿಯವರು ಹಸ್ತಿನಾಪುರದಲ್ಲಿ ಜಂಬೂದ್ವೀಪ ಕಟ್ಟಿಸಿದರು. ಅದರ ಕಲ್ಪನೆ ಮೂಡಿದ್ದು 1965ರಲ್ಲಿ ನಮ್ಮ ಶ್ರವಣಬೆಳಗೊಳದ ಧ್ಯಾನದಲ್ಲಿ.

ಚಾತುರ್ಮಾಸದಲ್ಲಿ ನಾವು ಪೆಂಡಾಲು, ಆಹಾರ, ಫೋಟೊ ಎಲ್ಲಕ್ಕೂ ಜನ ನೇಮಿಸುತ್ತೇವೆ. ಮಾತಾಜಿಯವರ ಅನುಮತಿ ಪಡೆದು, ಸಾಮಾಯಿಕದ ಹೊತ್ತು ತಪ್ಪಿಸಿ, ಶ್ರಾವಿಕೆಯೊಬ್ಬರು ಅವರೊಡನೆ ಕುಳಿತು ಬರೆದುಕೊಳ್ಳಬಹುದು. ಗಂಡಸರು ಕೇಳುವುದಕ್ಕಿಂತ ಅದೇ ಮೇಲು. ಹುಟ್ಟೂರು, ಓದು, ಮನೆಯವರು ಒಪ್ಪಿದ ಬಗೆ, ವಿಹಾರದ ಕಷ್ಟ, ಸಂಘ ನಡೆಸುವ ರೀತಿ, ಇಷ್ಟರಿಂದ ಶುರು ಮಾಡಿ. ಬರೆದದ್ದನ್ನು ಅವರಿಗೆ ಓದಿ ಹೇಳಿ, ಬೇಡ ಎಂದದ್ದನ್ನು ತೆಗೆದು, ತಾರೀಖು ಹಾಕಿ ಬಸದಿಯ ಕಪಾಟಿನಲ್ಲಿಡಿ.