ಅಂತರ್ಜಾಲದ ಅಂಗಡಿ ನಮ್ಮಲ್ಲಿ ಬೇರೂರಿದ ಬಗೆ

ನಮ್ಮ ಶಾಲೆಯ ಈ ಐವತ್ತು ವರ್ಷಗಳಲ್ಲಿ ಊರಿನ ಕೊಡು-ಕೊಳ್ಳುವ ರೀತಿಯೂ ಬದಲಾಗಿದೆ. ವಾರದ ಸಂತೆ, ಶೆಟ್ಟರ ಅಂಗಡಿ, ತಾಲ್ಲೂಕಿನ ಪೇಟೆ, ಇವುಗಳ ಸಾಲಿಗೆ ಮೊಬೈಲಿನೊಳಗಿನ ಅಂಗಡಿಯೂ ಸೇರಿದೆ. ಈ ಶಾಲೆಯಲ್ಲಿ ಓದಿ, ಇತಿಹಾಸ ಪಾಠ ಮಾಡಿ ನಿವೃತ್ತನಾದ ನನಗೆ ಅದು ಬಂದ ದಾರಿಯನ್ನು ಇಂದಿನ ಮಕ್ಕಳಿಗಾಗಿ ಬರೆದಿಡಬೇಕೆನಿಸಿತು.

ಅಮೆರಿಕದಲ್ಲಿ ಜೆಫ್ ಬೆಜೋಸ್ ಅವರ ಅಮೆಜಾನ್ 1995ರ ಜುಲೈನಲ್ಲಿ ಅಂತರ್ಜಾಲದ ಮೂಲಕ ಪುಸ್ತಕ ಮಾರಲು ತೊಡಗಿತು. ಮರುತಿಂಗಳೇ, ಆಗಸ್ಟ್ 15ರಂದು, ವಿದೇಶ್ ಸಂಚಾರ್ ನಿಗಮವು ಭಾರತದ ಜನಸಾಮಾನ್ಯರಿಗೆ ಅಂತರ್ಜಾಲ ಸೇವೆ ಆರಂಭಿಸಿತು. ಆದರೆ ಕೊಳ್ಳುವ ಅಭ್ಯಾಸ ಅಷ್ಟು ಬೇಗ ಬರಲಿಲ್ಲ.

1999ರಲ್ಲಿ ಬೆಂಗಳೂರಿನಲ್ಲಿ ಫ್ಯಾಬ್‌ಮಾರ್ಟ್ ಎಂಬ ಅಂತರ್ಜಾಲ ಅಂಗಡಿ ತೆರೆಯಿತು. ಆಗ ಮನೆಯಲ್ಲಿ ಕಂಪ್ಯೂಟರ್ ಇದ್ದವರು ಕಡಿಮೆ, ಕ್ರೆಡಿಟ್ ಕಾರ್ಡ್ ಇದ್ದವರು ಇನ್ನೂ ಕಡಿಮೆ. ದೂರವಾಣಿ ತಂತಿಯ ಮೂಲಕ ಬರುವ ಸಂಪರ್ಕವೋ ಆಮೆಯ ನಡಿಗೆ. 2000ದ ಮಾಹಿತಿ ತಂತ್ರಜ್ಞಾನ ಕಾಯಿದೆ ಇಂಥ ವ್ಯವಹಾರಗಳಿಗೆ ಕಾನೂನಿನ ಮಾನ್ಯತೆ ಕೊಟ್ಟಿತು. ಆದರೂ ಕಣ್ಣಾರೆ ಕಾಣದ ವಸ್ತುವಿಗೆ ಮೊದಲೇ ಹಣ ಕೊಡುವ ಧೈರ್ಯ ಕಾಯಿದೆಯಿಂದ ಬರುವಂಥದ್ದಲ್ಲ.

ಅಂಜಿಕೆ ಬಿಡಿಸಿದವರಲ್ಲಿ ರೈಲ್ವೆಯೂ ಒಂದು. 2002ರಲ್ಲಿ ಐ.ಆರ್.ಸಿ.ಟಿ.ಸಿ. ಅಂತರ್ಜಾಲದಲ್ಲಿ ಟಿಕೆಟ್ ಮಾರಲು ಶುರುಮಾಡಿತು. ಮೊದಮೊದಲು ಟಿಕೆಟ್ಟು ಕೊರಿಯರ್‌ನಲ್ಲಿ ಮನೆಗೆ ಬರುತ್ತಿತ್ತು. 2005ರಲ್ಲಿ ನಾವೇ ಮುದ್ರಿಸಿಕೊಳ್ಳುವ ಇ-ಟಿಕೆಟ್ ಬಂತು. ಕೌಂಟರಿನ ಸಾಲಿನಲ್ಲಿ ನಿಲ್ಲುವುದು ತಪ್ಪಿದಾಗ ನನ್ನಂಥವರಿಗೂ ಇದು ಆಗುವ ಕೆಲಸ ಎನಿಸಿತು.

2007ರಲ್ಲಿ ಸಚಿನ್ ಬನ್ಸಲ್, ಬಿನ್ನಿ ಬನ್ಸಲ್ ಎಂಬ ಇಬ್ಬರು ತರುಣರು ಬೆಂಗಳೂರಿನ ಕೋರಮಂಗಲದಲ್ಲಿ ಫ್ಲಿಪ್‌ಕಾರ್ಟ್ ಆರಂಭಿಸಿದರು. ಅವರು ಮೊದಲು ಮಾರಿದ್ದು ಒಂದು ಪುಸ್ತಕವನ್ನು. ಬೇಡಿಕೆ ಬಂದದ್ದು ಅಂದಿನ ಆಂಧ್ರಪ್ರದೇಶದ ಮಹಬೂಬ್‌ನಗರದಿಂದ. ಕೈಯಲ್ಲಿ ಪ್ರತಿ ಇರದ ಕಾರಣ ಬೆಂಗಳೂರಿನ ಪುಸ್ತಕದಂಗಡಿಗಳಲ್ಲಿ ಹುಡುಕಿ ಕಳಿಸಿದರು. ದೊಡ್ಡ ಕೆಲಸ ಬಿಟ್ಟು ನೇಪಾಳದ ಶಾಲೆಗಳಿಗೆ ಗ್ರಂಥಾಲಯ ಕಟ್ಟಲು ಹೊರಟ ಜಾನ್ ವುಡ್ ಅವರ ಅನುಭವ ಕಥನ ಅದು. ನಮ್ಮ ಮಕ್ಕಳು ನೆನಪಿಡಬೇಕಾದ ಸಂಗತಿಯಿದು.

2010ರಲ್ಲಿ ಅದೇ ಸಂಸ್ಥೆ, ವಸ್ತು ಕೈಸೇರಿದ ಮೇಲೆ ಹಣ ಕೊಡುವ ಪದ್ಧತಿ ತಂದಿತು. ಅಂತರ್ಜಾಲದ ಅಂಗಡಿ ಮನೆಮನೆಗೆ ಬಂದದ್ದು ಮುಖ್ಯವಾಗಿ ಈ ಬಾಗಿಲಿನಿಂದ ಎಂಬುದು ನನ್ನ ಅಭಿಪ್ರಾಯ. ಇದು ತೀರ ಹೊಸದೇನಲ್ಲ. ನಾವು ಓದುವ ಕಾಲದಲ್ಲಿ ನಿಘಂಟು ಬೇಕಾದರೆ ಬೆಂಗಳೂರಿಗೆ ಕಾರ್ಡು ಬರೆದು ವಿ.ಪಿ.ಪಿ.ಯಲ್ಲಿ ತರಿಸುತ್ತಿದ್ದೆವು. ಅಂಚೆಯಣ್ಣನಿಗೆ ಹಣ ಎಣಿಸಿಕೊಟ್ಟರೆ ಕಟ್ಟು ನಮ್ಮ ಕೈಗೆ. 1972ರಲ್ಲಿ ಅಂಚೆ ಇಲಾಖೆ ಕೊಟ್ಟ ಆರಂಕಿಯ ಪಿನ್‌ಕೋಡೇ ಇಂದಿಗೂ ಈ ಕಂಪನಿಗಳಿಗೆ ದಾರಿ ತೋರುತ್ತಿದೆ. ಹೊಸ ವ್ಯಾಪಾರ ನಿಂತಿರುವುದು ಹಳೆಯ ಅಡಿಪಾಯದ ಮೇಲೆ.

ಇಂದು ಬೈಕಿನಲ್ಲಿ ಪಾರ್ಸೆಲ್ ಹೊತ್ತು ತರುವವರಲ್ಲಿ ನಮ್ಮ ಶಾಲೆಯ ಹುಡುಗರೂ ಇದ್ದಾರೆ. ಅವರ ಮನೆಯ ಒಲೆ ಅದರಿಂದ ಉರಿಯುತ್ತಿದೆ. ಇನ್ನೊಂದೆಡೆ ಊರಿನ ಅಂಗಡಿಗಳ ವ್ಯಾಪಾರ ಕುಗ್ಗುತ್ತಿದೆ. ಮಳೆ ಕೈಕೊಟ್ಟ ವರ್ಷ ಉದ್ರಿ ಬರೆದುಕೊಂಡು ಅಕ್ಕಿ, ಬೇಳೆ ಕೊಟ್ಟವರು ಈ ಅಂಗಡಿಯವರೇ. ಮೊಬೈಲಿನ ಅಂಗಡಿ ನಮ್ಮನ್ನು ನಂಬಿಸಿತು, ನಿಜ. ಶೆಟ್ಟರು ನಮ್ಮನ್ನು ನಂಬಿದ್ದರು. ಈ ಎರಡರ ವ್ಯತ್ಯಾಸ ಮಕ್ಕಳಿಗೆ ತಿಳಿದಿರಲಿ.

ಯಾರ ಮನೆಯ ಅಟ್ಟದ ಮೇಲಾದರೂ ಹಳೆಯ ಉದ್ರಿ ಪುಸ್ತಕ, ವಿ.ಪಿ.ಪಿ. ರಸೀದಿ ಇದ್ದರೆ ದಯವಿಟ್ಟು ಎಸೆಯಬೇಡಿ. ಶಾಲೆಯ ಗ್ರಂಥಾಲಯಕ್ಕೆ ಕೊಡಿ. ನಮ್ಮೂರಿನ ಇತಿಹಾಸ ಬರೆಯುವವರಿಗೆ ಅವು ಶಾಸನಗಳಷ್ಟೇ ಬೆಲೆಯುಳ್ಳವು.