ಕಡಲನಾಯಿಗಳ ಆಸ್ಪತ್ರೆ ದಡಕ್ಕೆ ಹೋದದ್ದು

ನಮ್ಮ ಕರಾವಳಿಯಲ್ಲಿ ಸೀಲ್‌ಗಳಿಲ್ಲ. ಹಾಗಾಗಿ ಕನ್ನಡದಲ್ಲಿ ಅದಕ್ಕೊಂದು ಹೆಸರೂ ನೆಲೆನಿಂತಿಲ್ಲ. ನೀರುನಾಯಿ ಎಂದರೆ ತುಂಗಭದ್ರೆ, ಕಾವೇರಿಗಳಲ್ಲಿ ಮೀನು ಹಿಡಿಯುವ ಬೇರೆಯೇ ಪ್ರಾಣಿ. ಡಚ್ಚರು ಸೀಲನ್ನು ಕರೆಯುವ ಪದವನ್ನು ಬಿಡಿಸಿದರೆ 'ಕಡಲನಾಯಿ' ಎಂದಾಗುತ್ತದೆ. ಇಲ್ಲಿ ಅದನ್ನೇ ಎರವಲು ಪಡೆಯುತ್ತೇನೆ.

ನೆದರ್‌ಲ್ಯಾಂಡ್ಸ್‌ನ ಉತ್ತರ ಅಂಚಿನ ವಾಡನ್ ಕಡಲು ದಿನಕ್ಕೆರಡು ಬಾರಿ ಹಿಂದೆ ಸರಿದು ಮೈಲಿಗಟ್ಟಲೆ ಕೆಸರು ಬಯಲನ್ನು ಬಿಟ್ಟುಕೊಡುತ್ತದೆ. ಆಗ ತಲೆಯೆತ್ತುವ ಮರಳದಿಬ್ಬಗಳ ಮೇಲೆ ಕಡಲನಾಯಿಗಳು ಮಲಗುತ್ತವೆ, ಮರಿ ಹಾಕುತ್ತವೆ. ಮೀನು ಕದಿಯುವ ಕಳ್ಳರೆಂದು ಜನ ಅವನ್ನು ಬಹುಕಾಲ ಬೇಟೆಯಾಡಿದರು. 1962ರಲ್ಲಿ ಬೇಟೆ ನಿಂತಿತು, ಆದರೂ ಸಂಖ್ಯೆ ಏರಲಿಲ್ಲ. ಈ ಸಲದ ಬೇಟೆಗಾರ ಕಣ್ಣಿಗೆ ಕಾಣುತ್ತಿರಲಿಲ್ಲ: ಕೈಗಾರಿಕೆಗಳಿಂದ ಕಡಲು ಸೇರುತ್ತಿದ್ದ ಪಿಸಿಬಿ ಎಂಬ ರಾಸಾಯನಿಕ. ವಾಡನ್ ಕಡಲಿನ ಮೀನು ತಿಂದ ಹೆಣ್ಣುಗಳು ಸ್ವಚ್ಛ ಮೀನು ತಿಂದವುಗಳಿಗಿಂತ ಕಡಿಮೆ ಮರಿ ಹಾಕುತ್ತವೆ ಎಂದು ಪೀಟರ್ ರೈಂಡರ್ಸ್ ಎಂಬ ವಿಜ್ಞಾನಿ 1986ರಲ್ಲಿ ತೋರಿಸಿದರು.

ಅದಕ್ಕೂ ಮೊದಲೇ, 1971ರಲ್ಲಿ, ಗ್ರೋನಿಂಗನ್ ಪ್ರಾಂತ್ಯದ ಪೀಟರ್‌ಬ್ಯೂರೆನ್ ಎಂಬ ಪುಟ್ಟ ಹಳ್ಳಿಯಲ್ಲಿ ಲೆನಿ ಟ್ ಹಾರ್ಟ್ ಎಂಬ ಮಹಿಳೆ ತಾಯಿಯಿಂದ ಬೇರ್ಪಟ್ಟ ಮರಿಗಳನ್ನು ಮನೆಯ ಹಿತ್ತಲಲ್ಲಿ ಸಾಕತೊಡಗಿದ್ದರು. ಹಿತ್ತಲು ಆಸ್ಪತ್ರೆಯಾಯಿತು, ಆಸ್ಪತ್ರೆ ಪ್ರವಾಸಿ ತಾಣವಾಯಿತು, ಹಳ್ಳಿಯ ಹೆಸರು ದೇಶಕ್ಕೆಲ್ಲ ಪರಿಚಯವಾಯಿತು.

ಆದರೆ ಪೀಟರ್‌ಬ್ಯೂರೆನ್‌ನಲ್ಲಿ ನಿಂತರೆ ಕಡಲು ಕಾಣದು. ಕಡಲಿನ ಪ್ರಾಣಿಗೆ ಹೊಲಗಳ ನಡುವೆ ಆಸ್ಪತ್ರೆ! ಲೆನಿ ಅವರ ಮನೆ ಅಲ್ಲಿತ್ತು, ಅಷ್ಟೇ ಕಾರಣ. ಇನ್ನೊಂದು ಹಳೆಯ ಕಾರಣವೂ ಇದೆ. ಒಂದು ಕಾಲಕ್ಕೆ ಕಡಲಿನ ಅಂಚಿನ ಜವುಗು ದಿಬ್ಬವೇ ಆ ಊರು. ರೈತರು ಹೂಳು ಹಿಡಿದು, ಒಡ್ಡಿನಾಚೆ ಒಡ್ಡು ಕಟ್ಟಿ, ತಲೆಮಾರುಗಟ್ಟಲೆ ಕಡಲನ್ನು ದೂರ ತಳ್ಳಿದರು. ಊರು ಕದಲಲಿಲ್ಲ, ದಡವೇ ಹೋಯಿತು.

1988ರಲ್ಲಿ ಯುರೋಪಿನ ಉತ್ತರ ಕರಾವಳಿಯುದ್ದಕ್ಕೂ ಕಡಲನಾಯಿಗಳ ಹೆಣಗಳು ದಡಕ್ಕೆ ಬೀಳತೊಡಗಿದವು. 18,000ಕ್ಕೂ ಹೆಚ್ಚು ಸತ್ತವು. ರೋಗಾಣು ಹೊಸದು, ನಾಯಿಗಳಿಗೆ ಬರುವ ಡಿಸ್ಟೆಂಪರ್‌ನ ದಾಯಾದಿ. ಡಚ್ ಹೆಸರು ಹೀಗೊಂದು ಕ್ರೂರ ರೀತಿಯಲ್ಲಿ ನಿಜವಾಯಿತು. 2002ರಲ್ಲಿ ರೋಗ ಮರಳಿತು. ಎರಡು ಸಲವೂ ಹಿಂಡು ಚೇತರಿಸಿಕೊಂಡು ಸಾವಿರಗಳ ಲೆಕ್ಕಕ್ಕೆ ಏರಿತು. ಅದಕ್ಕೆ ಬೇಟೆ ನಿಂತದ್ದು, ನೀರು ತಿಳಿಯಾದದ್ದು ದೊಡ್ಡ ಕಾರಣ. ಆಸ್ಪತ್ರೆಯ ಪಾಲು ಎಷ್ಟು ಎಂಬುದೇ ಜಗಳದ ವಿಷಯವಾಯಿತು.

ದಡದಲ್ಲಿ ಅಳುವ ಪ್ರತಿ ಮರಿಯೂ ತಬ್ಬಲಿಯಲ್ಲ, ತಾಯಿ ಮೀನಿಗೆ ಹೋಗಿರಬಹುದು, ಎತ್ತಿಕೊಂಡು ಬಂದವರೇ ಅದನ್ನು ತಬ್ಬಲಿ ಮಾಡುತ್ತಾರೆ ಎಂದು ವಿಜ್ಞಾನಿಗಳು ವಾದಿಸಿದರು. ಕಣ್ಣೆದುರು ನರಳುವುದನ್ನು ಬಿಟ್ಟು ಬರುವುದು ಹೇಗೆ ಎಂದು ಲೆನಿ ಅವರ ಕಡೆಯವರು ಕೇಳಿದರು. ನನಗೆ ವಿಜ್ಞಾನಿಗಳ ಮಾತೇ ಸರಿಯೆನಿಸುತ್ತದೆ, ಆದರೆ ಮರಳಲ್ಲಿ ಒಂಟಿ ಮರಿಯ ಎದುರು ನಿಂತಿದ್ದರೆ ಹೀಗೆ ಬರೆಯುತ್ತಿದ್ದೆನೋ ಇಲ್ಲವೋ. 2020ರಲ್ಲಿ ಸರ್ಕಾರ, ಕೇಂದ್ರಗಳು ಕೂಡಿ ಒಂದು ಒಪ್ಪಂದಕ್ಕೆ ಬಂದವು: ಮೊದಲು ಕಾದು ನೋಡಬೇಕು, ಅನಿವಾರ್ಯವಾದರಷ್ಟೇ ಎತ್ತಬೇಕು.

2025ರಲ್ಲಿ ಕೇಂದ್ರ ಹಳ್ಳಿ ಬಿಟ್ಟು ಲೌವರ್ಸೋಗ್ ಬಂದರಿಗೆ ಹೋಯಿತು. ಡೆನ್ಮಾರ್ಕ್‌ನ ವಾಸ್ತುಶಿಲ್ಪಿ ಡೋರ್ಟೆ ಮಾಂಡ್ರುಪ್ ವಿನ್ಯಾಸಗೊಳಿಸಿದ, ಸುರುಳಿಯಂತೆ ಮೇಲೇರುವ ಕಟ್ಟಡದಲ್ಲಿ ಈಗ ವಾಡನ್ ಕಡಲಿನ ವಿಶ್ವ ಪರಂಪರೆ ಕೇಂದ್ರದ ಜೊತೆಗೇ ಅದರ ವಾಸ. ಚಿಕಿತ್ಸೆ ಪಡೆಯುವ ಪ್ರಾಣಿಯನ್ನು ನೋಡಿದವರು ಕಿಟಕಿಯಾಚೆ ಅದರ ಮನೆಯನ್ನೂ ನೋಡಬಹುದು. ಇಲ್ಲೂ ಒಂದು ತಮಾಷೆಯಿದೆ. ಈ ಬಂದರೇ ಮನುಷ್ಯ ಕಡಲನ್ನು ತಡೆದು ಪಡೆದದ್ದು. 1969ರಲ್ಲಿ ಲೌವರ್ಸ್ ಕೊಲ್ಲಿಗೆ ಅಡ್ಡವಾಗಿ ಒಡ್ಡು ಮುಗಿದಾಗ ಹುಟ್ಟಿದ ಅಂಚು.

ಪೀಟರ್‌ಬ್ಯೂರೆನ್‌ಗೆ ಇದು ಸಣ್ಣ ನಷ್ಟವಲ್ಲ. ಅರ್ಧ ಶತಮಾನ ಮಕ್ಕಳನ್ನು ಕೈಹಿಡಿದು ಬಂದ ಕುಟುಂಬಗಳು ಈಗ ಬೇರೆ ದಾರಿ ಹಿಡಿಯುತ್ತವೆ. ದಕ್ಷಿಣದ ಮಾಸ್ಟ್ರಿಕ್ಟ್‌ವರೆಗೆ ಸುಮಾರು 500 ಕಿಲೋಮೀಟರ್ ನಡೆಯುವ ಪೀಟರ್‌ಪಾಡ್ ಕಾಲುದಾರಿ ಇಂದಿಗೂ ಅಲ್ಲಿಂದಲೇ ಹೊರಡುತ್ತದೆ. ಕಡಲಿಗೆ ಬೆನ್ನು ಹಾಕಿ.